ಯುಗಾದಿ ಸೀಸನ್‌ನಲ್ಲಿ ಹುಬ್ಬಳ್ಳಿ-ಧಾರವಾಡದಾಗ ಪ್ಲಾಟ್ ತಗೊಳ್ಳೋದು ಹೇಗೆ?

ಯುಗಾದಿಯಿಂದ ಅಕ್ಷಯ ತೃತೀಯದವರೆಗೆ ಏಜೆಂಟರ ಫೋನ್ ಜಾಸ್ತಿ, "ಹಬ್ಬ ಆದಮೇಲೆ ರೇಟು ಏರತೈತ್ರಿ" ಅನ್ನೋ ಮಾತೂ ಜಾಸ್ತಿ. ಗಡಿಬಿಡಿ ಬೇಡ. ಆಷಾಢದಲ್ಲಿ ಕೊಳ್ಳುವವರು ಕಡಿಮೆ, ಚೌಕಾಸಿಗೆ ಆಗ ಜಾಗ ಇರುತ್ತದೆ.

ಮೊದಲು ಉತಾರ (ಜಾಗದ ಹಕ್ಕಿನ ದಾಖಲೆ), ಎನ್‌ಎ ಆದೇಶ (ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಆದೇಶ), ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ ಕೇಳಿ. ಹಳ್ಳಿ ಹದ್ದಿಯ ಪ್ಲಾಟಾದರೆ ಗ್ರಾಮ ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ಫಾರ್ಮ್ 9 ಮತ್ತು 11ಎ ನೋಡಿ. ಕ್ರಮಬದ್ಧವಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿ "ಎಲ್ಲಾ ಒಂದೇ ರೀ" ಅಂದರೆ ಸುಮ್ನೆ ಎದ್ದು ಬನ್ನಿ. 500 ಚದರ ಮೀಟರ್ ದಾಟಿದ ಹೊಸ ಲೇಔಟ್‌ಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು. ಜಾಗದ ಮೇಲೆ ಸಾಲ, ಹಳೇ ವ್ಯವಹಾರ ಇದೆಯಾ ಎಂದು ತೋರಿಸುವ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನೀವೇ ತೆಗೆಯಿರಿ, ಏಜೆಂಟರು ಕೊಟ್ಟ ಜೆರಾಕ್ಸ್ ನಂಬಬೇಡಿ.

ಬಜೆಟ್ ಹಾಕುವಾಗ ನೆನಪಿರಲಿ, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ, ಮುದ್ರಾಂಕ ಶುಲ್ಕ ಬೇರೆ.

ಆಮೇಲೆ ಮಣ್ಣು. ಇದನ್ನು ಯಾರೂ ನೋಡಲ್ಲ ಅಲ್ವಾ? ಹುಬ್ಬಳ್ಳಿಯಿಂದ ನವಲಗುಂದ ಕಡೆ ಹೋದಂತೆ ಎರೆ (ಕಪ್ಪು ಮಣ್ಣಿನ) ಭೂಮಿ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ, ಹಾಗಾಗಿ ಪಾಯಕ್ಕೆ ದುಡ್ಡು ಜಾಸ್ತಿ. ಏಪ್ರಿಲ್‌ನಲ್ಲಿ ಬಿರುಕಿನೊಳಗೆ ಕೈ ಹೋಗುತ್ತಾ ನೋಡಿ. ಹೋದರೆ ಆ ಖರ್ಚು ಕಳೆದೇ ರೇಟು ಮಾತಾಡಿ.