ಹಿರಿಯರ ಯುದ್ಧಕಾಲದ ಬಾಲ್ಯದ ನೆನಪು ಕೆದಕೋದು ಹೇಗೆ, ನಾನು ಮಾಡಿದ ತಪ್ಪು ಸಮೇತ

ನಮ್ಮತ್ತೆ, ಅಂದ್ರೆ ಗಂಡನ ತಾಯಿ, ಹುಟ್ಟಿದ್ದು ಕಾರವಾರದ ಹತ್ರ ಅರ್ಗಾದಲ್ಲಿ. ಒಂದ್ಸಲ ಹಲ್ಲಿನ ಡಾಕ್ಟರ್ ಬಾಯಿ ಹತ್ರ ಕೈ ತಂದಿದ್ದೇ ತಡ ಕುರ್ಚಿಯಿಂದೆದ್ದು ಚಪ್ಪಲೀನೂ ಹಾಕ್ಕೊಳ್ಳದೆ ಹೊರಗೆ ಬಂದ್ಬಿಟ್ರು, ಆಟೋದಲ್ಲಿ ಬರ್ತಾ "ಚಿಕ್ಕೋಳಿದ್ದಾಗ ಕತ್ತಲಲ್ಲಿ ಯಾರೋ ಹಿಂಗೇ ಬಾಯಿ ಮುಚ್ಚಿದ್ರು, ಗೋವಾ ಗಲಾಟೆ ಟೈಮಲ್ಲಿ ಇರ್ಬೇಕು" ಅಂದ್ರು. ಮೂವತ್ತು ವರ್ಷದಿಂದ ಜೊತೇಲಿದ್ದೀನಿ, ಇದನ್ನ ಯಾವತ್ತೂ ಹೇಳಿರ್ಲಿಲ್ಲ. ನಂಗೆ ಪತ್ತೇದಾರಿ ಹುಚ್ಚು ಹತ್ಕೊಂಡಿದ್ದು ಅವತ್ತೇ.

ಗೊತ್ತಿಲ್ದೋರಿಗೆ: 1961ರಲ್ಲಿ ಗೋವಾ ಥರಾನೇ ಅರ್ಗಾ ಎದುರಿಗಿರೋ ಅಂಜುದ್ವೀಪಾನೂ ಪೋರ್ಚುಗೀಸರ ಕೈಲಿತ್ತು, ದಡದಿಂದ ಒಂದೆರಡು ಕಿಲೋಮೀಟರ್ ಅಷ್ಟೇ. ನವೆಂಬರ್ 24ಕ್ಕೆ ಅಲ್ಲಿಂದ ಸಾಬರಮತಿ ಅನ್ನೋ ಪ್ಯಾಸೆಂಜರ್ ಹಡಗಿನ ಮೇಲೆ ಗುಂಡು ಹಾರಿತು, ಅದೇ ತಿಂಗಳು ಒಬ್ಬ ಮೀನುಗಾರನೂ ಗುಂಡಿಗೆ ಸತ್ತ. ಡಿಸೆಂಬರ್ 18ರ ಬೆಳಿಗ್ಗೆ ನಮ್ಮ ತ್ರಿಶೂಲ್, ಮೈಸೂರು ಹಡಗುಗಳು ಬಂದು ನಾವಿಕರನ್ನ ದ್ವೀಪಕ್ಕೆ ಇಳಿಸಿದ್ವು, ನಮ್ಮ ಕಡೆ 7 ಜನ ತೀರ್ಕೊಂಡ್ರು. ಅತ್ತೆಗೆ ಆಗ ಐದು ವರ್ಷ.

ನಿಮ್ಮ ಮನೇಲೂ ಇಂಥವರಿದ್ರೆ ಮೊದಲು ಮಾಡೋ ಕೆಲ್ಸ, ಫೋನಲ್ಲಿ ರೆಕಾರ್ಡ್ ಒತ್ತಿ ನೀವು ಬಾಯಿ ಮುಚ್ಕೊಂಡು ಕೂತ್ಕೊಳ್ಳೋದು. "ಆಮೇಲೆ?" "ಇನ್ನೇನು ಇತ್ತು?" ಇವೆರಡು ಬಿಟ್ಟು ಬೇರೆ ಪ್ರಶ್ನೆ ಬೇಡ. ನಾನು ಎರಡನೇ ದಿನಾನೇ ಎಡವಿದೆ, "ಅತ್ತೆ, ಆಗ ಗುಂಡಿನ ಸದ್ದು ಕೇಳಿಸ್ತಿತ್ತಾ?" ಅಂದ್ಬಿಟ್ಟೆ. ಅವ್ರು "ಇದ್ದಿರ್ಬೇಕು" ಅಂದ್ರು ಅಷ್ಟೇ. ದೀಪಾವಳಿಗೆ ನಾದಿನಿ ಬಂದಾಗ ಅಡುಗೆಮನೇಲಿ ಕೂತು "ಆ ಗುಂಡಿನ ಸದ್ದು ಈಗ್ಲೂ ಕಿವೀಲಿದೆ ಕಣೇ" ಅಂತ ಹೇಳ್ತಿದ್ರು! ಮೊದಲನೇ ರೆಕಾರ್ಡಿಂಗ್ ಹಾಕಿ ಕೇಳಿದೆ, ಗುಂಡಿನ ಸುದ್ದೀನೇ ಇಲ್ಲ. ಅದು ನಾನು ನೆಟ್ಟ ಗಿಡ. ಅತ್ತೆ ಸುಳ್ಳು ಹೇಳ್ತಿರ್ಲಿಲ್ಲ, ಅವ್ರಿಗೆ ನಿಜವಾಗ್ಲೂ ಕೇಳಿಸ್ತಿತ್ತು.

ನೆನಪಿನ ಬಗ್ಗೆ ಸಂಶೋಧನೆ ಮಾಡಿದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1974ರಲ್ಲಿ ಇದನ್ನೇ ತೋರ್ಸಿದ್ರು. ಕಾರ್ ಆಕ್ಸಿಡೆಂಟ್ ಫಿಲ್ಮ್ ತೋರಿಸಿ ಒಂದು ಗುಂಪಿಗೆ "ತಾಗಿದಾಗ ಎಷ್ಟು ಸ್ಪೀಡ್ ಇತ್ತು" ಅಂತ, ಇನ್ನೊಂದಕ್ಕೆ "ಗುದ್ದಿ ಅಪ್ಪಚ್ಚಿಯಾದಾಗ ಎಷ್ಟು ಸ್ಪೀಡ್ ಇತ್ತು" ಅಂತ ಕೇಳಿದ್ರು. ವಾರ ಬಿಟ್ಟು ಒಡೆದ ಗಾಜು ನೋಡಿದ್ರಾ ಅಂದ್ರೆ ಮೊದಲ 50 ಜನರಲ್ಲಿ 7, ಎರಡನೇ 50ರಲ್ಲಿ 16 ಜನ ಹೌದು ಅಂದ್ರು. ಫಿಲ್ಮಲ್ಲಿ ಗಾಜೇ ಒಡೆದಿರ್ಲಿಲ್ಲ.

ಆಮೇಲೆ ವಯಸ್ಸು ಲೆಕ್ಕ ಹಾಕಿ. ಮೂರು ವರ್ಷಕ್ಕಿಂತ ಮುಂಚಿನದು ಫೋಟೋ ಥರ ಸ್ಪಷ್ಟವಾಗಿ ಬಂದ್ರೆ ಅನುಮಾನ ಪಡಿ, ಯಾರೋ ಹೇಳಿದ್ದನ್ನೇ ಕಂಡ ಹಾಗೆ ಮಾಡ್ಕೊಂಡಿರ್ತಾರೆ. ಮಕ್ಕಳ ಮನಸ್ಸಿನ ಬಗ್ಗೆ ಅಷ್ಟೆಲ್ಲ ಬರೆದ ಪಿಯಾಜೆಗೂ ಹಂಗೇ ಆಗಿತ್ತು, ಪ್ಯಾರಿಸ್ ಬೀದೀಲಿ ಯಾರೋ ತನ್ನನ್ನ ಕದಿಯೋಕೆ ಬಂದಿದ್ದು, ತಡೆದ ಆಯಾ ಮುಖದ ಮೇಲೆ ಗೀರಾಗಿದ್ದು ಎಲ್ಲ ಕಣ್ಣಿಗೆ ಕಟ್ಟಿದಂಗಿತ್ತು, ಅವ್ನಿಗೆ ಹದಿನೈದಾದಾಗ ಆ ಆಯಾ ಅದೆಲ್ಲ ಕಟ್ಟುಕಥೆ ಅಂತ ಕಾಗದ ಬರೆದ್ಲು.

"ಹೂತುಹೋದ ನೆನಪು" ಅನ್ನೋ ಮಾತನ್ನ ಸಿನಿಮಾದೋರು ಕೆಡಿಸಿಟ್ಟಿದ್ದಾರೆ ಅನ್ಸುತ್ತೆ ನಂಗೆ. ಎಷ್ಟೋ ಸಲ ಅದು ಹೂತೇ ಹೋಗಿರಲ್ಲ, ಯಾರೂ ಕೇಳಿರಲ್ಲ ಅಷ್ಟೇ. ಹಿಪ್ನಾಟಿಸಂಗೆ ಮಾತ್ರ ಕರ್ಕೊಂಡು ಹೋಗ್ಬೇಡಿ, ಅದ್ರಲ್ಲಿ ನಿಜ ಜಾಸ್ತಿ ಬರಲ್ಲ, ಬಂದಿದ್ದರ ಮೇಲೆ ನಂಬಿಕೆ ಮಾತ್ರ ಜಾಸ್ತಿಯಾಗುತ್ತೆ.

ಜಾಗಕ್ಕೆ ಕರ್ಕೊಂಡು ಹೋಗೋಣ ಅಂದ್ರೆ ಸೀಬರ್ಡ್ ನೌಕಾನೆಲೆಗೆ ಊರೇ ಎದ್ದು ಹೋಗಿದೆ. ಅದಕ್ಕೆ ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿ ಪೆನ್ಸಿಲ್ ಕೊಟ್ಟು "ಮನೆ ಬರೀರಿ" ಅಂದೆ. ಮೊದಲು ಬಾವಿ ಬರೆದ್ರು, ಆಮೇಲೆ ಹಿತ್ತಲ ಬಾಗಿಲು, ಬಾಗಿಲಾಚೆ ತೆಂಗಿನ ಸೋಗೆ ರಾಶಿ, ಅಲ್ಲಿಗೆ ಪೆನ್ಸಿಲ್ ನಿಂತ್ಹೋಯ್ತು. "ಇದ್ರ ಹಿಂದೆ ಕೂತಿದ್ವಿ, ಕೈ ಮೀನು ವಾಸನೆ ಹೊಡೀತಿತ್ತು." ಇದನ್ನ ನಾನು ಕೇಳಿರ್ಲಿಲ್ಲ, ತಾನಾಗೇ ಬಂದಿದ್ದು, ಹಾಗಾಗಿ ಇದಕ್ಕೆ ಬೆಲೆ ಜಾಸ್ತಿ.

ತಾಳೆ ನೋಡೋದು ಕೊನೆಗೆ, ಅದೂ ಅವ್ರ ಮುಂದೆ ಬೇಡ. ಅತ್ತೆ ಕಗ್ಗತ್ತಲು, ಚಂದ್ರ ಇರ್ಲಿಲ್ಲ ಅಂದಿದ್ರು. ಡಿಸೆಂಬರ್ 18 ಅಂದ್ರೆ ಹುಣ್ಣಿಮೆಗೆ ನಾಲ್ಕೇ ದಿನ ಬಾಕಿ, ಹಂಗಾದ್ರೆ ಸುಳ್ಳು ಅಂದ್ಕೊಂಡೆ, ಆದ್ರೆ ಆ ತಿಥಿಗಳಲ್ಲಿ ಚಂದ್ರ ಬೆಳಗಾಗೋಕೆ ಮುಂಚೇನೇ ಮುಳುಗಿರ್ತಾನೆ, ಮುಂಜಾವು ಕತ್ತಲೇ. ನವೆಂಬರ್ 24 ಆದ್ರೆ ಹುಣ್ಣಿಮೆ ಕಳೆದು ಎರಡೇ ದಿನ, ಬೆಳಗಿನ ತನಕ ಬೆಳದಿಂಗಳು ಇದ್ದೇ ಇರುತ್ತೆ, ಅದು ಹೊಂದಲ್ಲ. ಇಲ್ಲೇ ಇನ್ನೊಂದೂ ಸಿಕ್ತು: 18ಕ್ಕೆ ನಾವಿಕರು ಇಳಿದಿದ್ದು ಬೆಳಕು ಹರಿದ ಮೇಲೆ, ಅಂದ್ರೆ ನಾನು ನೆಟ್ಟ ಗುಂಡಿನ ಸದ್ದಿಗೂ ಅವ್ರ ಕತ್ತಲಿಗೂ ಕೂಡೋದೇ ಇಲ್ಲ. ಇಷ್ಟಾದ್ರೂ ಯಾವುದೂ ಸಾಬೀತಾಗ್ಲಿಲ್ಲ, ಬರೀ ಮಗು ಕೆಮ್ತಿದೆ ಅಂತ ಯಾರೋ ಬಾಯಿ ಮುಚ್ಚಿದ ಬೇರೆ ಯಾವುದೋ ರಾತ್ರಿನೂ ಆಗಿರ್ಬಹುದು.

ಕೇಳ್ತಾ ಕೂತಾಗ ಕೈ ನಡುಗಿದ್ರೆ, ಉಸಿರು ಏರಿದ್ರೆ ಅಲ್ಲಿಗೇ ಬಿಟ್ಟು ಚಹಾ ಮಾಡಿ. ರಾತ್ರಿ ನಿದ್ದೆ ಬರ್ತಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಫೋನ್ ಮಾಡಿ, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಭಾಷೆ ವಿಷ್ಯ ನಂಗೆ ತಡವಾಗಿ ಹೊಳೀತು. ಚಿಕ್ಕಂದಿನ ನೆನಪು ಚಿಕ್ಕಂದಿನ ಮಾತಲ್ಲೇ ಸಲೀಸಾಗಿ ಬರುತ್ತೆ, ನಾನೋ ಹುಬ್ಬಳ್ಳಿ ಸೊಸೆ, ಕೇಳಿದ್ದೆಲ್ಲ ಕನ್ನಡದಲ್ಲಿ. ಹೋದ ತಿಂಗಳು ಅತ್ತೆ ಅಕ್ಕನ ಜೊತೆ ಫೋನಲ್ಲಿ ಕೊಂಕಣಿ ಮಾತಾಡ್ತಾ ಇದ್ದಕ್ಕಿದ್ದಂಗೆ "ಒಗೀ ರಾವ್" ಅಂದ್ರು, ಸುಮ್ನಿರು ಅಂತ. ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತು, "ಅದು ಅಮ್ಮನ ಕೈ ಅಲ್ಲ, ಅಜ್ಜೀದು" ಅಂದ್ರು. ಅಮ್ಮನ ಕೈ ಅಂತ ಹೇಳಿದ್ದು ನಾನು ಇದನ್ನೆಲ್ಲ ಬರೆದಿಡೋ ಪುಸ್ತಕದ ಏಪ್ರಿಲ್ ಪುಟದಲ್ಲಿದೆ, ಅದನ್ನ ಹೊಡೆದು ಹಾಕಿಲ್ಲ, ಕೆಳಗೆ ತಾರೀಕು ಹಾಕಿ ಇದನ್ನೂ ಬರ್ದಿಟ್ಟಿದ್ದೀನಿ.