ಮನೆ ರೆಕಾರ್ಡಿಂಗಿಗೆ ಮಿಕ್ಸರ್: ಗುಂಡಿ ಎಣಿಸಬೇಡಿ, ಟ್ರ್ಯಾಕ್ ಎಣಿಸಿ

ಹಲವು ಮೈಕುಗಳ ದನಿ ಬೆರೆಸುವ ಮಿಕ್ಸರ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ಚಾನೆಲ್ ಇದೆ?" ಅಂತ, ಅಂದರೆ ಎಷ್ಟು ದನಿ ಒಳಗೆ ತೆಗೆದುಕೊಳ್ಳುತ್ತದೆ ಅಂತ. ಮನೆಯಲ್ಲಿ ಕೂತು ರೆಕಾರ್ಡ್ ಮಾಡುವವರಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ರೆಕಾರ್ಡ್ ಆದ ಮೇಲೆ ಎಷ್ಟು ದನಿಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸಬೇಕು?

ಒಂದು ಮನೆ ಕಛೇರಿ ಅಂದುಕೊಳ್ಳಿ. ಹಾಡುಗಾರಿಕೆ, ಪಿಟೀಲು, ಮೃದಂಗ, ಶ್ರುತಿಪೆಟ್ಟಿಗೆ. ಎಂಟು ಚಾನೆಲ್ಲಿನ ಮಿಕ್ಸರಿಗೆ ನಾಲ್ಕನ್ನೂ ಜೋಡಿಸಿದ್ದೀರಿ, ಆದರೆ ಆ ಮಿಕ್ಸರ್ ಹೊರಗೆ ಕೊಡುವುದು ಎಡ, ಬಲ ಎಂಬ ಎರಡೇ ಟ್ರ್ಯಾಕ್, ಅಂದರೆ ಬೇರೆಯಾಗಿ ದಾಖಲಾಗುವ ದನಿಯ ಎರಡೇ ಸಾಲು. ಮರುದಿನ ಕೇಳಿದಾಗ ಮೃದಂಗ ಜೋರಾಗಿದೆ ಅನ್ನಿಸಿದರೆ ಏನೂ ಮಾಡುವ ಹಾಗಿಲ್ಲ. ಸಾರಿಗೆ ಬೆರೆತ ಉಪ್ಪು ಅದು. ನಾಲ್ಕೂ ಬೇರೆಬೇರೆ ಟ್ರ್ಯಾಕಿನಲ್ಲಿ ಕೂತಿದ್ದರೆ ಮೃದಂಗವೊಂದನ್ನೇ ಇಳಿಸಿ ಮುಗಿಸಬಹುದಿತ್ತು. ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ಒಂದು ಚೀಟಿಯಲ್ಲಿ ಎರಡು ಸಂಖ್ಯೆ ಬರೆದುಕೊಳ್ಳಿ: ಒಟ್ಟಿಗೆ ಎಷ್ಟು ಮೈಕು ಬೇಕು, ಆಮೇಲೆ ಎಷ್ಟು ದನಿ ಬೇರ್ಪಡಬೇಕು. ಬೆಲೆ ನಿಲ್ಲುವುದು ಎರಡನೆಯದರ ಮೇಲೆ.

ಯಾರಿಗೆ ಯಾವುದು

ಅಜ್ಜಿಯ ಸೋಬಾನೆ ಪದ, ಮಕ್ಕಳ ಸಂಗೀತ ಪಾಠ, ಒಬ್ಬರೇ ಓದುವ ಕಥೆ: ಇವಕ್ಕೆ ಮಿಕ್ಸರ್ ಬೇಡವೇ ಬೇಡ. ಟಾಸ್ಕ್ಯಾಮ್ ಡಿಆರ್-05ಎಕ್ಸ್ ಅಥವಾ ಝೂಮ್ ಎಚ್1ಎನ್ ಥರದ, ಅಂಗೈಯಲ್ಲಿ ಹಿಡಿಸುವ ರೆಕಾರ್ಡರ್ ಸಾಕು. ಮೈಕು ಅದರಲ್ಲೇ ಇರುತ್ತದೆ. ಬಾಯಿಂದ 30–40 ಸೆಂ.ಮೀ. ದೂರದಲ್ಲಿ, ಉಸಿರು ನೇರವಾಗಿ ತಾಗದಂತೆ ಸ್ವಲ್ಪ ಓರೆಯಾಗಿ ಇಟ್ಟರೆ ಆಯಿತು. ಮೇಜಿನ ಮೇಲೆ ಹಾಗೇ ಮಲಗಿಸಬೇಡಿ. ಮೇಜಿನ ಪ್ರತಿಯೊಂದು ತಟ್ಟಾಟವೂ ಒಳಗೆ ಸೇರುತ್ತದೆ. ಕೆಳಗೆ ಮಡಿಸಿದ ಟವೆಲ್ ಹಾಕಿ, ಇಲ್ಲವೇ ಸಣ್ಣ ಟ್ರೈಪಾಡಿಗೆ ಸಿಕ್ಕಿಸಿ. ಈ ಬಗೆಯಲ್ಲಿ ಸ್ಟೇಜ್ ಮೈಕಿನ ಮೂರು ಪಿನ್ನು ಹಿಡಿಸುವ ಎಕ್ಸ್‌ಎಲ್‌ಆರ್ ಸಾಕೆಟ್ ಇರುವುದಿಲ್ಲ ಎಂಬುದು ನೆನಪಿರಲಿ. ಸ್ಟೇಜ್ ಮೈಕನ್ನು ನೇರ ಜೋಡಿಸಲಾಗದು.

ಗಮಕದಲ್ಲಿ ವಾಚಕರು, ವ್ಯಾಖ್ಯಾನಕಾರರು ಇಬ್ಬರು. ಸಂದರ್ಶನವೂ ಹಾಗೇ. ಇಬ್ಬರಿಗೆ ಎರಡು ಮೈಕು, ಎರಡು ಟ್ರ್ಯಾಕ್ ಬೇಕು. ಎರಡು ಎಕ್ಸ್‌ಎಲ್‌ಆರ್ ಸಾಕೆಟ್ ಇರುವ ಟಾಸ್ಕ್ಯಾಮ್ ಡಿಆರ್-40ಎಕ್ಸ್, ಝೂಮ್ ಎಚ್4ಎನ್ ಪ್ರೊ, ಎಚ್4 ಎಸೆನ್ಷಿಯಲ್ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದವು. ಅವುಗಳದೇ ಮೈಕುಗಳನ್ನೂ ಸೇರಿಸಿದರೆ ನಾಲ್ಕು ಟ್ರ್ಯಾಕ್ ಆಗುತ್ತದೆ.

ಮೂರು-ನಾಲ್ಕು ಜನ ಸುತ್ತ ಕೂತು ಹರಟುವ ಪಾಡ್‌ಕಾಸ್ಟಿಗೆ ಝೂಮ್ ಪಾಡ್‌ಟ್ರ್ಯಾಕ್ ಪಿ4. ನಾಲ್ಕು ಮೈಕು, ನಾಲ್ವರಿಗೂ ಬೇರೆ ಬೇರೆ ಹೆಡ್‌ಫೋನ್ ಸಾಕೆಟ್ಟು, ಎರಡು ಎಎ ಸೆಲ್ಲಿನಲ್ಲಿ ನಡೆಯುತ್ತದೆ. ಫೋನಿನಲ್ಲಿ ಮಾತನಾಡುವ ಅತಿಥಿಗೆ ಅವರದೇ ದನಿ ತಿರುಗಿ ಕೇಳದಂತೆ ತಡೆಯುವ ವ್ಯವಸ್ಥೆಯೂ ಇದೆ. ರೆಕಾರ್ಡ್ ಆಗುವುದು 44.1 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ. ಮಾತಿಗೆ ಅಷ್ಟು ಧಾರಾಳ. ಸಂಗೀತಕ್ಕೆ 24 ಬಿಟ್ ಇರುವುದನ್ನು ಹುಡುಕಿ (ದನಿಯನ್ನು ಎಷ್ಟು ಸೂಕ್ಷ್ಮವಾಗಿ ಅಳೆದು ಬರೆಯುತ್ತದೆ ಎಂಬ ಲೆಕ್ಕ ಇದು).

ಮನೆ ಕಛೇರಿಗೆ ಎರಡು ದಾರಿ. ಅದೇ ಹೊತ್ತಿಗೆ ಸ್ಪೀಕರಿನಲ್ಲೂ ಕೇಳಿಸಬೇಕು ಅಂದರೆ ಝೂಮ್ ಎಲ್-8 ಥರದ, ಫೇಡರುಗಳು (ದನಿ ಏರಿಸಿ ಇಳಿಸುವ ಜಾರುಗುಂಡಿಗಳು) ಇರುವ ಮಿಕ್ಸರ್-ರೆಕಾರ್ಡರ್ ಬೇಕು. ಆರು ಮೈಕ್ ಸಾಕೆಟ್, ಪ್ರತಿ ಚಾನೆಲ್ಲೂ ಎಸ್‌ಡಿ ಕಾರ್ಡಿಗೆ ಬೇರೆಯಾಗಿ ಇಳಿಯುತ್ತದೆ, ನಾಲ್ಕು ಎಎ ಸೆಲ್ಲಿನಲ್ಲೂ ನಡೆಯುತ್ತದೆ. ಸ್ಪೀಕರಿನ ಗೋಜೇ ಇಲ್ಲ, ಬರೀ ರೆಕಾರ್ಡಿಂಗ್ ಅಂದರೆ ಫೇಡರಿಗೆ ಯಾಕೆ ದುಡ್ಡು ಹಾಕಬೇಕು? ನಾಲ್ಕು ಎಕ್ಸ್‌ಎಲ್‌ಆರ್ ಇರುವ ಎಚ್6 ಎಸೆನ್ಷಿಯಲ್ ಥರದ ಕೈ ರೆಕಾರ್ಡರಿನಲ್ಲೇ ಕೆಲಸ ಆಗುತ್ತದೆ. ಟಾಸ್ಕ್ಯಾಮ್ ಮಾಡೆಲ್ 12 ಒಳ್ಳೆಯ ಯಂತ್ರವೇ, ಆದರೆ ಸೆಲ್ಲಿನಲ್ಲಿ ನಡೆಯುವುದಿಲ್ಲ. ಕರೆಂಟು ಹೋದರೆ ಕಛೇರಿಯೂ ನಿಂತಂತೆ.

"ಯುಎಸ್‌ಬಿ ಇದೆ ಸಾರ್"

ಹೆಚ್ಚು ಜನ ಮೋಸಹೋಗುವುದು ಇಲ್ಲಿ. ಮಾರುವವರು ಸುಳ್ಳು ಹೇಳುತ್ತಾರೆಂದಲ್ಲ, ಆ ಒಂದು ಮಾತಿಗೆ ನಾಲ್ಕು ಅರ್ಥ.

ಪೆನ್‌ಡ್ರೈವ್ ಸಿಕ್ಕಿಸುವ ಚಪ್ಪಟೆ ಕಿಂಡಿ ಮಾತ್ರ ಇದ್ದರೆ ಅನೇಕ ಅಗ್ಗದ ಮಿಕ್ಸರುಗಳಲ್ಲಿ ಅದು ಹಾಡು ಹಾಕುವುದಕ್ಕಷ್ಟೇ. ಕೆಲವು ಪೆನ್‌ಡ್ರೈವಿಗೆ ರೆಕಾರ್ಡನ್ನೂ ಮಾಡುತ್ತವೆ, ಆದರೆ ಎಂಪಿ3 ಆಗಿ, ಎಲ್ಲ ದನಿ ಬೆರೆತು. ಚೌಕಾಕಾರದ, ಪ್ರಿಂಟರಿಗೆ ಹಾಕುವಂಥ ಕಿಂಡಿ ಇದ್ದರೆ ಕಂಪ್ಯೂಟರಿಗೆ ದನಿ ಹೋಗುತ್ತದೆ, ಆದರೆ ಸಾಮಾನ್ಯವಾಗಿ ಎರಡೇ ಟ್ರ್ಯಾಕ್. ಯಮಹಾ ಎಂಜಿ10ಎಕ್ಸ್‌ಯು, ಬೆಹ್ರಿಂಗರ್ ಕ್ಯೂ802ಯುಎಸ್‌ಬಿ ಎರಡೂ ಹೀಗೇ. ಪ್ರತಿ ಚಾನೆಲ್ಲನ್ನೂ ಬೇರೆಯಾಗಿ ಕಳಿಸುವುದು ನಾಲ್ಕನೆಯ ಜಾತಿ. ಡಬ್ಬದ ಮೇಲೆ "ಮಲ್ಟಿಟ್ರ್ಯಾಕ್" ಎಂದೋ "12 ಇನ್ / 4 ಔಟ್" ಎಂದೋ ಬರೆದಿರುತ್ತದೆ. "2 ಇನ್ / 2 ಔಟ್" ಎಂದಿದ್ದರೆ ಮೇಲೆ ಹತ್ತು ಫೇಡರ್ ಇದ್ದರೂ ಕೈಗೆ ಸಿಗುವುದು ಎರಡೇ.

ಎರಡು ಟ್ರ್ಯಾಕಿನ ಮಿಕ್ಸರ್ ಮನೆಯಲ್ಲಿ ಈಗಾಗಲೇ ಇದ್ದರೆ ಅದನ್ನು ಮಾರಬೇಕಿಲ್ಲ. ಹಾಡುವವರ ಚಾನೆಲ್ಲಿನ ಪ್ಯಾನ್ ಗುಂಡಿಯನ್ನು (ದನಿಯನ್ನು ಎಡ-ಬಲಕ್ಕೆ ಸರಿಸುವುದು) ಪೂರ್ತಿ ಎಡಕ್ಕೆ, ಪಕ್ಕವಾದ್ಯಗಳನ್ನು ಪೂರ್ತಿ ಬಲಕ್ಕೆ ತಿರುಗಿಸಿ ರೆಕಾರ್ಡ್ ಮಾಡಿ. ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಸ್ಟೀರಿಯೋ ಟ್ರ್ಯಾಕನ್ನು ಎರಡು ಮೋನೋ ಆಗಿ ಒಡೆದರೆ ಹಾಡು ಬೇರೆ, ಪಕ್ಕವಾದ್ಯ ಬೇರೆ. ನಾಲ್ಕಲ್ಲದಿದ್ದರೂ ಎರಡಾದರೂ ಕೈಗೆ ಬಂತು. ಆ ಹೊತ್ತಿನಲ್ಲಿ ಸ್ಪೀಕರನ್ನು ಮೇನ್ ಔಟಿಗೆ (ಮಿಕ್ಸರಿನ ಮುಖ್ಯ ಎಡ-ಬಲ ಸಾಕೆಟಿಗೆ) ಹಾಕಬೇಡಿ, ಬೇರೆಯಾಗಿ ಬೆರೆಸಿ ಕಳಿಸುವ ಆಕ್ಸ್ ಔಟಿನಿಂದ ಕೊಡಿ. ಇಲ್ಲದಿದ್ದರೆ ಕೋಣೆಯಲ್ಲಿ ಕೂತವರಿಗೆ ಒಂದು ಕಿವಿಗೆ ಹಾಡು, ಇನ್ನೊಂದಕ್ಕೆ ಮೃದಂಗ.

ದುಡ್ಡಿನ ಹಂಚಿಕೆ

ರೂಪಾಯಿಗೆ ಹತ್ತಾಣೆಗಿಂತ ಹೆಚ್ಚು ಯಂತ್ರಕ್ಕೆ ಹಾಕಬೇಡಿ. ಉಳಿದ ಆರಾಣೆಯಲ್ಲಿ ಮೈಕು, ಸ್ಟ್ಯಾಂಡು, ವೈರು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು, ಕಾರ್ಡು ಬರಬೇಕು. ಯಂತ್ರ ತಂದು, ಮೈಕಿಗೆ ದುಡ್ಡು ಸಾಲದೆ ಕ್ಯಾರಿಯೋಕೆ ಮೈಕು ಸಿಕ್ಕಿಸಿದರೆ ಕೇಳುವುದು ಕ್ಯಾರಿಯೋಕೆ ಮೈಕೇ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ನಿಮ್ಮೂರಿನ ಸೌಂಡ್ ಅಂಗಡಿಯಲ್ಲೋ ವೈರು ಕೇಳುವಾಗ ಅಲ್ಲಿಯ ಮಾತೇ ಆಡಿ: 6.35 ಮಿ.ಮೀ. ದಪ್ಪ ಪಿನ್ನಿಗೆ ಪಿ-38, ಇಯರ್‌ಫೋನಿನ 3.5 ಮಿ.ಮೀ. ಪಿನ್ನಿಗೆ ಇಪಿ. ಮೈಕಿಗೆ ಮಾತ್ರ ಎರಡೂ ತುದಿ ಎಕ್ಸ್‌ಎಲ್‌ಆರ್ ಇರುವ ವೈರೇ ಬೇಕು. ಅಗ್ಗದ ಮೈಕುಗಳ ಜೊತೆ ಬರುವ, ಒಂದು ತುದಿ ಪಿ-38 ಇರುವ ವೈರಿಗೆ ಫ್ಯಾಂಟಮ್ ಪವರ್ (ಕಂಡೆನ್ಸರ್ ಬಗೆಯ ಮೈಕಿಗೆ ವೈರಿನಲ್ಲೇ ಹೋಗುವ 48 ವೋಲ್ಟ್) ಹಾಯುವುದಿಲ್ಲ, ಉದ್ದವಾದಷ್ಟೂ ಗುಂಯ್‌ಗುಡುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ಹೆಡ್‌ಫೋನು, ಒಂದು ಡೈನಾಮಿಕ್ ಮೈಕು (ಫ್ಯಾಂಟಮ್ ಬೇಡದ ಬಗೆ), ಒಂದು ಎಕ್ಸ್‌ಎಲ್‌ಆರ್ ವೈರು, ಸಾಧ್ಯವಾದರೆ ಮಲ್ಟಿಮೀಟರ್ ಜೊತೆಗೆ ಒಯ್ಯಿರಿ.

ಮೈಕು ಸಿಕ್ಕಿಸಿ, ಒಂದಡಿ ದೂರದಿಂದ ಮೆಲ್ಲನೆ ಮಾತಾಡಿ ಗೇನ್ (ಮೈಕಿನ ದನಿ ಹಿಗ್ಗಿಸುವ ಗುಂಡಿ) ಏರಿಸಿ. ಮಾತು ಸಾಕಷ್ಟು ಕೇಳುವ ಹೊತ್ತಿಗೆ ಹಿಂದೆ ಸುಯ್ ಎನ್ನುವ ಸದ್ದೂ ಎದ್ದು ನಿಂತರೆ ಆ ಯಂತ್ರದ ಪ್ರೀಆಂಪ್, ಅಂದರೆ ದನಿ ಹಿಗ್ಗಿಸುವ ಭಾಗ, ದುರ್ಬಲ. ಕೊಂಡ ಮೇಲೆ ಇದಕ್ಕೆ ಮದ್ದಿಲ್ಲ. ಡೈನಾಮಿಕ್ ಮೈಕಿನಲ್ಲಿ ಮೆದು ದನಿ ಹಿಡಿಯಲು 50ರಿಂದ 60 ಡೆಸಿಬಲ್ ಗೇನ್ ಬೇಕಾಗುತ್ತದೆ, ಆದ್ದರಿಂದ 40ಕ್ಕೇ ನಿಲ್ಲುವ ಯಂತ್ರವನ್ನು ಅಲ್ಲೇ ಬಿಟ್ಟು ಬನ್ನಿ.

ಫ್ಯಾಂಟಮ್ ಹಾಕಿ, ಎಕ್ಸ್‌ಎಲ್‌ಆರ್ ಸಾಕೆಟಿನ 1ನೇ ಮತ್ತು 2ನೇ ಪಿನ್ ನಡುವೆ, ಆಮೇಲೆ 1 ಮತ್ತು 3ರ ನಡುವೆ ಡಿಸಿ ವೋಲ್ಟ್ ಅಳೆಯಿರಿ. ಎರಡೂ ಕಡೆ 44ರಿಂದ 52 ವೋಲ್ಟ್ ಒಳಗಿರಬೇಕು. 15–20 ವೋಲ್ಟ್ ಬಂದರೆ ಮೇಲೆ +48 ಎಂದು ಬರೆದಿರುವುದು ಬರೀ ಬಣ್ಣ. ಕಂಡೆನ್ಸರ್ ಮೈಕು ಅದರಲ್ಲಿ ಸೊರಗುತ್ತದೆ, ಇಲ್ಲವೇ ಏಳುವುದೇ ಇಲ್ಲ.

ಸೆಕೆಂಡ್‌ಹ್ಯಾಂಡ್ ಆದರೆ ಪ್ರತಿ ಗುಂಡಿಯನ್ನೂ ಫೇಡರನ್ನೂ ಈ ತುದಿಯಿಂದ ಆ ತುದಿಗೆ ಸರಿಸಿ. ಕರಕರ ಅಂದರೆ ಒಳಗೆ ಧೂಳು. ಒಂದೆರಡಾದರೆ ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ಹೋಗುತ್ತದೆ, ಎಲ್ಲವೂ ಹಾಗಿದ್ದರೆ ಬೇಡ. ಸೆಲ್ ಹಾಕುವ ಜಾಗದಲ್ಲಿ ಬಿಳಿ, ಹಸಿರು ಪುಡಿ ಇದೆಯೇ ನೋಡಿ. ಕಾರ್ಡು ಹಾಕಿ ಐದು ನಿಮಿಷ ರೆಕಾರ್ಡ್ ಮಾಡಿ, ತೆಗೆದು ಮತ್ತೆ ಹಾಕಿ, ಕೇಳಿ.

ಲೆವೆಲ್ ಕೂರಿಸುವುದು

"ಹಲೋ ಹಲೋ" ಅನ್ನಿಸಿ ಲೆವೆಲ್ ಹಿಡಿದರೆ ತಪ್ಪುತ್ತದೆ. ಹಾಡುವವರು ತಾರಸ್ಥಾಯಿಗೆ ಹೋಗಲಿ, ಮೃದಂಗದವರು ತನಿ ಆವರ್ತನದ ಕೊನೆಯಲ್ಲಿ ಬಾರಿಸುವಷ್ಟೇ ಗಟ್ಟಿಯಾಗಿ ಬಾರಿಸಲಿ. ಆಗ ಮೀಟರಿನ ತುದಿ –12 ಡೆಸಿಬಲ್ಲಿನ ಆಸುಪಾಸು ಇರಬೇಕು, ಎಂದಾದರೊಮ್ಮೆ –6 ಮುಟ್ಟಿದರೆ ಚಿಂತೆಯಿಲ್ಲ. ಸೊನ್ನೆ ಮುಟ್ಟಿದರೆ ದನಿ ಸೀಳಿತು, ಅಂದರೆ ಕ್ಲಿಪ್ ಆಯಿತು. ಮೃದಂಗದ ಬಲದ ಏಟುಗಳು ಕ್ಷಣಾರ್ಧದಲ್ಲಿ ಏರಿ ಇಳಿಯುತ್ತವೆ; ಮೀಟರಿನ ಕಡ್ಡಿ ತೋರಿಸುವ ಮುಂಚೆಯೇ ಕ್ಲಿಪ್ ಆಗಿರುತ್ತದೆ. ಪೀಕ್ ದೀಪವನ್ನೇ ನಂಬಿ.

32 ಬಿಟ್ ಫ್ಲೋಟ್ ಇರುವ ಹೊಸ ರೆಕಾರ್ಡರುಗಳಲ್ಲಿ ಲೆವೆಲ್ಲಿನ ತಲೆನೋವು ಬಹುಮಟ್ಟಿಗೆ ಇಲ್ಲ, ಜೋರಾದದ್ದನ್ನು ಆಮೇಲೆ ಇಳಿಸಬಹುದು. ಆದರೆ ಬೇರೆ ಮಿಕ್ಸರಿನಲ್ಲಿ ಆಗಲೇ ಸೀಳಿ ಬಂದ ದನಿಯನ್ನು ಅದೂ ಸರಿ ಮಾಡಲಾರದು. ಮಿಕ್ಸರಿನ ಮೇನ್ ಔಟನ್ನು ಪುಟ್ಟ ರೆಕಾರ್ಡರಿನ ಮೈಕ್ ಸಾಕೆಟಿಗೆ ನೇರ ಹಾಕಿ "ಒಡೆದ ಹಾಗೆ ಕೇಳುತ್ತೆ" ಎನ್ನುವವರ ಕಷ್ಟ ಬೇರೆ. ಮಿಕ್ಸರ್ ಹೊರಗೆ ಕೊಡುವ ಲೈನ್ ಮಟ್ಟದ ದನಿ ಮೈಕಿನದಕ್ಕಿಂತ ನೂರಾರು ಪಟ್ಟು ಬಲವಾದದ್ದು. ರೆಕ್ ಔಟ್ ಅಥವಾ ಟೇಪ್ ಔಟಿನಿಂದ ತೆಗೆದು, ರೆಕಾರ್ಡರಿನ ಮೆನುವಿನಲ್ಲಿ ಇನ್‌ಪುಟ್ಟನ್ನು ಲೈನ್‌ಗೆ ಬದಲಿಸಿ.

ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗೆ ಮೈಕು ಇಡಬೇಡಿ. ಹೆಡ್‌ಫೋನ್ ಸಾಕೆಟಿನಿಂದ ವೈರೆಳೆದು ಲೈನ್ ಚಾನೆಲ್ಲಿಗೆ ಹಾಕಿ, ಹಾಡುವವರಿಗೆ ಹೆಡ್‌ಫೋನಿನಲ್ಲಿ ಕೇಳಿಸಿ. ಆಗ ಅದು ಎಲ್ಲ ಮೈಕಿಗೂ ನುಗ್ಗುವುದಿಲ್ಲ. ಮೈಕುಗಳ ನಡುವಿನ ಅಂತರವೂ ಮುಖ್ಯ: ಬಾಯಿಂದ ಮೈಕಿಗೆ ಒಂದು ಗೇಣಿದ್ದರೆ ಪಕ್ಕದ ಮೈಕು ಮೂರು ಗೇಣಾದರೂ ಆಚೆ ಇರಲಿ. ಹತ್ತಿರವಾದರೆ ಒಂದೇ ದನಿ ಎರಡು ಕಡೆಯಿಂದ ಹಿಂದುಮುಂದಾಗಿ ಬಂದು ಡಬ್ಬದೊಳಗಿನ ಮಾತಿನಂತಾಗುತ್ತದೆ.

ಗುಂಯ್ ಸದ್ದು, ಪ್ರತಿಧ್ವನಿ

ಲ್ಯಾಪ್‌ಟಾಪ್ ಜೋಡಿಸಿದೊಡನೆ ಗುಂಯ್ ಎಂದರೆ ಮೊದಲು ಅದರ ಚಾರ್ಜರ್ ಕಿತ್ತು ನೋಡಿ. ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಎಲ್ಲ ಯಂತ್ರಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಕೀಬೋರ್ಡಿನಿಂದ ಬರುವುದಾದರೆ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐ ಬಾಕ್ಸ್ (ವಾದ್ಯದ ವೈರನ್ನು ಮೈಕ್ ಸಾಕೆಟಿಗೆ ಹೊಂದಿಸುವ ಡಬ್ಬ) ಹಾಕಿ. ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ನನ್ನು ಮಾತ್ರ ಎಂದೂ ಕತ್ತರಿಸಬೇಡಿ. ಸದ್ದು ನಿಂತೀತು, ಆದರೆ ಮೈಕು ಹಿಡಿದವರಿಗೆ ಶಾಕ್ ಹೊಡೆದೀತು. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ರೆಕಾರ್ಡ್ ಮಾಡುವುದಕ್ಕಿಂತ ಸೆಲ್ಲೇ ವಾಸಿ. ಚಾರ್ಜ್ ಆಗುವ ನಿಕಲ್ ಸೆಲ್ 1.2 ವೋಲ್ಟಿನದು, ಮೆನುವಿನಲ್ಲಿ ಸೆಲ್ಲಿನ ಜಾತಿ ಬದಲಿಸದಿದ್ದರೆ ತುಂಬಿದ್ದರೂ ಅರ್ಧ ಖಾಲಿ ಎಂದು ತೋರಿಸುತ್ತದೆ. ಫ್ಯಾಂಟಮ್ ಹಾಕಿದರೆ ಸೆಲ್ ಬೇಗ ಮುಗಿಯುತ್ತದೆ, ಒಂದು ಜೊತೆ ಹೆಚ್ಚಿಗೆ ಇಟ್ಟುಕೊಂಡಿರಿ.

ಗ್ರಾನೈಟ್ ನೆಲ, ಬರಿ ಸಿಮೆಂಟ್ ಗೋಡೆಯ ಹಾಲಿನಲ್ಲಿ ಎಷ್ಟು ದುಬಾರಿ ಯಂತ್ರವಾದರೂ ಬಾವಿಯೊಳಗಿನ ದನಿಯೇ ಸಿಗುವುದು. ಮಲಗುವ ಕೋಣೆಗೆ ಹೋಗಿ. ನೆಲಕ್ಕೆ ಜಮಖಾನ ಹಾಸಿ, ಹಾಡುವವರ ಬೆನ್ನ ಹಿಂದೆ ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡಿ, ಇಲ್ಲವೇ ದಪ್ಪ ಕಂಬಳಿ ನೇತುಹಾಕಿ. ಫ್ಯಾನ್ ನಿಲ್ಲಿಸಿ. ಫ್ರಿಜ್ ಪಕ್ಕದಲ್ಲೇ ಇದ್ದರೆ ಅದನ್ನೂ.

ಕಾರ್ಡು

48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೋನೋ ಟ್ರ್ಯಾಕಿಗೆ ಗಂಟೆಗೆ ಸುಮಾರು 520 ಎಂಬಿ ಬೇಕು. ನಾಲ್ಕು ಟ್ರ್ಯಾಕಿನ ಎರಡು ಗಂಟೆ ಕಛೇರಿಗೆ ನಾಲ್ಕು ಜಿಬಿಗಿಂತ ಸ್ವಲ್ಪ ಹೆಚ್ಚು. 32 ಜಿಬಿ ಕಾರ್ಡು ಧಾರಾಳವಾಯಿತು. ಹಳೆಯ ಹಲವು ರೆಕಾರ್ಡರುಗಳು ಅದಕ್ಕಿಂತ ದೊಡ್ಡದನ್ನು ಒಪ್ಪುವುದೂ ಇಲ್ಲ. ಕಾರ್ಡನ್ನು ಕಂಪ್ಯೂಟರಿನಲ್ಲಲ್ಲ, ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡಿ. ದಿನಾಂಕ, ಸಮಯ ಸರಿಪಡಿಸಿ, ಇಲ್ಲದಿದ್ದರೆ ಯಾವ ಫೈಲು ಯಾವ ದಿನದ್ದೆಂದು ಆರು ತಿಂಗಳ ಮೇಲೆ ತಿಳಿಯದು. ಮುಗಿದ ಮೇಲೆ ಸ್ಟಾಪ್ ಒತ್ತಿ, ಪರದೆಯಲ್ಲಿ ಬರವಣಿಗೆ ಮುಗಿದದ್ದನ್ನು ನೋಡಿ, ಆಮೇಲೆ ಆಫ್ ಮಾಡಿ. ರೆಕಾರ್ಡ್ ಆಗುತ್ತಿರುವಾಗಲೇ ಸೆಲ್ ಕಿತ್ತರೆ ಫೈಲಿನ ತಲೆಬರಹ ಬರೆದಿರುವುದಿಲ್ಲ, ಕಂಪ್ಯೂಟರಿನಲ್ಲಿ ಸೊನ್ನೆ ಬೈಟ್ ಎಂದು ಕಾಣಿಸಬಹುದು.

ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಕಂಡೆನ್ಸರ್ ಮೈಕನ್ನು ಹೊರಗೆ ಬಿಡಬೇಡಿ. ತೇವ ಕೂತರೆ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಅನ್ನುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಯಂತ್ರದ ಸೆಲ್ಲುಗಳನ್ನೂ ತೆಗೆದಿಡಿ.