ಈಕ್ವಲೈಜರ್: ಏರಿಸುವ ಮುನ್ನ ಇಳಿಸಿ ನೋಡಿ

ಹಾಡಿನ ದಪ್ಪ, ತೆಳು ಸದ್ದುಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ ಈಕ್ವಲೈಜರ್. ಅದನ್ನು ತೆರೆದವರು ಮೊದಲು ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಎಡಗಡೆಯ ಸ್ಲೈಡರ್ ಮೇಲಕ್ಕೆ, ಬಲಗಡೆಯದೂ ಮೇಲಕ್ಕೆ, ನಡುವಿನವು ಇದ್ದಲ್ಲೇ. ಪರದೆಯ ಮೇಲೆ ನಗುವ ಬಾಯಿಯಂಥ ಗೆರೆ ಮೂಡುತ್ತದೆ. ಹಾಡು ಒಮ್ಮೆಗೇ ಜಗಮಗ ಅನ್ನಿಸುತ್ತದೆ. ನಾನೂ ವರ್ಷಗಟ್ಟಲೆ ಹಾಗೇ ಕೇಳಿದವನು. ಹಾಡುವವರ ದನಿ ಮಾತ್ರ ಪಕ್ಕದ ಕೋಣೆಯಿಂದ ಬಂದಂತೆ ಇರುತ್ತಿತ್ತು. ರೆಕಾರ್ಡಿಂಗೇ ಸರಿಯಿಲ್ಲ ಅಂದುಕೊಂಡು ಸುಮ್ನಿದ್ದೆ. ನಡುವಿನ ಸ್ಲೈಡರ್‌ಗಳಲ್ಲೇ ದನಿ ಇರುವುದು ಅಂತ ತಿಳಿದದ್ದು ಆಮೇಲೆ.

ನಮ್ಮ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ. ವಯಸ್ಸಾದಂತೆ ಮೇಲಿನ ತುದಿ ಸವೆಯುತ್ತದೆ. ಹತ್ತು ಸ್ಲೈಡರ್‌ಗಳ ಈಕ್ವಲೈಜರ್‌ನಲ್ಲಿ ಈ ಹರವನ್ನು 31, 62, 125, 250, 500 ಹೀಗೆ ದುಪ್ಪಟ್ಟು ಮಾಡುತ್ತಾ 16,000ದವರೆಗೆ ಹಂಚಿರುತ್ತಾರೆ. ಎಡಗಡೆ ಬೇಸ್ ಅಂದರೆ ದಪ್ಪ ಸದ್ದು, ಬಲಗಡೆ ಟ್ರೆಬಲ್ ಅಂದರೆ ತೆಳು, ಚೂಪು ಸದ್ದು, ನಡುವೆ ದನಿ ಮತ್ತು ಬಹುಪಾಲು ವಾದ್ಯಗಳು.

ಮೊದಲು ಕಿವಿಗೆ ಸರಿಯಾಗಿ ಕೂರಿಸಿ

ಸ್ಲೈಡರ್ ಮುಟ್ಟುವ ಮೊದಲು ಇದನ್ನು ನೋಡಿಕೊಳ್ಳಿ. ಕಿವಿಯೊಳಗೆ ತೂರಿಸುವ ಇಯರ್‌ಫೋನ್‌ನ ರಬ್ಬರ್ ತುದಿ ಸಡಿಲವಾಗಿದ್ದರೆ ಬೇಸ್ ಸಂದಿಯಿಂದ ಸೋರಿಹೋಗುತ್ತದೆ. ಅದನ್ನು ಈಕ್ವಲೈಜರ್‌ನಿಂದ ತುಂಬಲು ಹೊರಟರೆ ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ. ಪರೀಕ್ಷೆ ಸುಲಭ. ಇಯರ್‌ಫೋನ್ ಹಾಕಿಕೊಂಡು ಮಾತಾಡಿ. ನಿಮ್ಮ ದನಿ ತಲೆಯೊಳಗೇ ಗುಂಯ್ ಅಂದರೆ ಕೂತಿದೆ ಅಂತ ಅರ್ಥ. ಇಲ್ಲದಿದ್ದರೆ ಬೇರೆ ಅಳತೆಯ ತುದಿ ಹಾಕಿ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್‌ನಲ್ಲೂ ಇದೇ ಕಥೆ. ಕನ್ನಡಕದ ಕಡ್ಡಿ ಕುಶನ್ ಅನ್ನು ಎತ್ತಿಹಿಡಿದರೂ ಬೇಸ್ ತೆಳುವಾಗುತ್ತದೆ.

ಎರಡು ಕಡೆ ಬೇಡ

ಫೋನಿನಲ್ಲೊಂದು ಈಕ್ವಲೈಜರ್, ಹಾಡಿನ ಆ್ಯಪ್‌ನಲ್ಲೊಂದು, ಹೆಡ್‌ಫೋನ್‌ನ ಆ್ಯಪ್‌ನಲ್ಲಿ ಮತ್ತೊಂದು. ಮೂರೂ ಆನ್ ಆಗಿದ್ದರೆ ಒಂದರ ಮೇಲೊಂದು ಸೇರಿಕೊಳ್ಳುತ್ತವೆ. ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಆಫ್ ಮಾಡಿ. ‘ಬೇಸ್ ಬೂಸ್ಟ್’ ಅನ್ನುವ ಗುಂಡಿ ಇದ್ದರೆ ಅದನ್ನೂ. ಈಗ ಎಲ್ಲ ಸ್ಲೈಡರ್ ಸೊನ್ನೆಗೆ ತನ್ನಿ. ನಿಮಗೆ ಬಾಯಿಪಾಠವಾಗಿರುವ ಮೂರ್ನಾಲ್ಕು ಹಾಡು ಆರಿಸಿಕೊಳ್ಳಿ. ಒಂದರಲ್ಲಾದರೂ ಬರಿ ದನಿ ಮುಂದಿರಲಿ, ಇನ್ನೊಂದರಲ್ಲಿ ಡ್ರಮ್ ಇರಲಿ.

ತೊಂದರೆ ಎಲ್ಲಿದೆ, ಹುಡುಕಿ

ಇದು ಇಡೀ ಕೆಲಸದ ಮುಖ್ಯ ಭಾಗ. ಸ್ವಲ್ಪ ಹೊತ್ತು ಹಿಡಿದರೂ ಪರವಾಗಿಲ್ಲ. ‘ಏನು ಹೆಚ್ಚಿಸಲಿ’ ಅಂತ ಕೇಳಿಕೊಳ್ಳಬೇಡಿ, ‘ಏನು ಕಿರಿಕಿರಿ ಮಾಡುತ್ತಿದೆ’ ಅಂತ ಕೇಳಿಕೊಳ್ಳಿ. ವಾಲ್ಯೂಮ್ ಕಡಿಮೆ ಇಟ್ಟುಕೊಂಡು ಒಂದೊಂದೇ ಸ್ಲೈಡರ್ ಅನ್ನು 6 ಡೆಸಿಬಲ್ (ಸದ್ದಿನ ಮಟ್ಟದ ಅಳತೆ) ಏರಿಸಿ, ಕೇಳಿ, ಮತ್ತೆ ಸೊನ್ನೆಗೆ ತನ್ನಿ. ಯಾವುದನ್ನು ಏರಿಸಿದಾಗ ನಿಮ್ಮ ಕಿರಿಕಿರಿ ಇನ್ನೂ ಎದ್ದು ಕಾಣುತ್ತದೋ ಅಲ್ಲಿದೆ ಕಳ್ಳ. ಆ ಸ್ಲೈಡರ್ ಅನ್ನು ಸೊನ್ನೆಯಿಂದ 2 ಅಥವಾ 3 ಡೆಸಿಬಲ್ ಕೆಳಗಿಳಿಸಿ.

ಕೆಲವು ಗುರುತುಗಳು ಹೇಳಿಬಿಡುತ್ತೇನೆ. ‘ಸ’, ‘ಶ’ ಬಂದಾಗಲೆಲ್ಲ ಕಿವಿಗೆ ಸೂಜಿ ಚುಚ್ಚಿದಂತಾದರೆ 8,000ದ ಸ್ಲೈಡರ್ ನೋಡಿ, ಆಮೇಲೆ 4,000ದ್ದು. ಸೀಟಿಯಂಥ ಈ ಸದ್ದು ಹೆಚ್ಚಾಗಿ 5,000ದಿಂದ 8,000 ಹರ್ಟ್ಸ್ ನಡುವೆ ಇರುತ್ತದೆ. ಮಡಕೆಯೊಳಗೆ ಬಾಯಿಟ್ಟು ಹಾಡಿದಂತಿದ್ದರೆ 250ರ ಆಸುಪಾಸು. ಮೂಗಿನಲ್ಲಿ ಹಾಡಿದಂತಿದ್ದರೆ 1,000. ಡ್ರಮ್ಮಿನ ಏಟು ಊದಿಕೊಂಡು ದನಿಯ ಮೇಲೆ ಬಿದ್ದರೆ 125. ಇವು ಅಂದಾಜು ಮಾತ್ರ, ಕೊನೆಗೆ ಕಿವಿ ಹೇಳಿದ್ದೇ ಖರೆ.

ಇಳಿಸುವುದೇ ಯಾಕೆ? 250 ಅನ್ನು ಸ್ವಲ್ಪ ಇಳಿಸಿದರೆ ದನಿ ತಾನಾಗಿಯೇ ಬಿಡಿಸಿಕೊಂಡು ಮುಂದೆ ಬರುತ್ತದೆ. ಅದೇ ದನಿಯನ್ನು ಏರಿಸಲು ಹೋದರೆ ಆಮೇಲೆ ಬೇಸ್ ಸಾಲದು ಅನ್ನಿಸುತ್ತದೆ, ಅದನ್ನೂ ಏರಿಸುತ್ತೇವೆ, ಆಮೇಲೆ ಟ್ರೆಬಲ್. ಕೊನೆಗೆ ಎಲ್ಲ ಸ್ಲೈಡರ್ ಮೇಲೇರಿ ಕೂತಿರುತ್ತವೆ. ವಾಲ್ಯೂಮ್ ಹೆಚ್ಚಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ, ಅಲ್ವಾ?

ಏರಿಸಲೇಬೇಕಾದರೆ

ಡಿಜಿಟಲ್ ಸದ್ದಿಗೆ ಒಂದು ಚಾವಣಿ ಇದೆ. ಈಚಿನ ಹಾಡುಗಳನ್ನು ಬಹುಮಟ್ಟಿಗೆ ಆ ಚಾವಣಿಗೆ ತಾಗುವಷ್ಟು ಜೋರಾಗಿಯೇ ಮುದ್ರಿಸಿರುತ್ತಾರೆ. ಅದರ ಮೇಲೆ 5 ಡೆಸಿಬಲ್ ಬೇಸ್ ಸೇರಿಸಿದರೆ ಅಲೆಯ ತಲೆ ಕತ್ತರಿಸಿಹೋಗಿ ಸದ್ದು ಒಡೆಯುತ್ತದೆ. ಅದಕ್ಕೇ ಇಡೀ ಸದ್ದನ್ನು ಒಟ್ಟಿಗೆ ಏರಿಸಿ ಇಳಿಸುವ ‘ಪ್ರಿಆಂಪ್’ ಅನ್ನುವ ಸ್ಲೈಡರ್ ಇರುವುದು. ಎಲ್ಲಕ್ಕಿಂತ ಹೆಚ್ಚು ಏರಿಸಿದ ಸ್ಲೈಡರ್ ಎಷ್ಟು ಏರಿದೆಯೋ ಅಷ್ಟೇ ಪ್ರಿಆಂಪ್ ಅನ್ನು ಇಳಿಸಿ. 5 ಏರಿಸಿದರೆ ಪ್ರಿಆಂಪ್ ಮೈನಸ್ 5. ಸದ್ದು ಕಡಿಮೆಯಾಯಿತೆನಿಸಿದರೆ ವಾಲ್ಯೂಮ್ ಇದೆಯಲ್ಲ.

ಹೆಡ್‌ಫೋನ್ ನೋಡಿ ಕೈ ಹಾಕಿ

ಹಿಂಬದಿ ತೆರೆದ ಹೆಡ್‌ಫೋನ್‌ಗಳಲ್ಲಿ ತೀರಾ ಕೆಳಗಿನ ಬೇಸ್ ಸಾಮಾನ್ಯವಾಗಿ ಕಡಿಮೆ. 62ಕ್ಕೆ ಮೂರ್ನಾಲ್ಕು ಡೆಸಿಬಲ್ ಕೊಡಬಹುದು. 31ನ್ನು ಮೇಲಕ್ಕೆ ಎಳೆದರೆ ಹೆಡ್‌ಫೋನಿನೊಳಗೆ ಸದ್ದು ಹೊರಡಿಸುವ ಪೊರೆ ಏದುಸಿರು ಬಿಡುತ್ತದೆ, ಬೇಸ್ ಬದಲು ಗೊರಗೊರ ಕೇಳುತ್ತದೆ. ಹಿಂಬದಿ ಮುಚ್ಚಿದ, ಅಗ್ಗದ ಹೆಡ್‌ಫೋನ್‌ಗಳಲ್ಲಿ ಇದಕ್ಕೆ ತಿರುಗುಮುರುಗು. ಅವುಗಳಲ್ಲಿ 125, 250 ಊದಿಕೊಂಡಿರುವುದೇ ಜಾಸ್ತಿ. ರಬ್ಬರ್ ತುದಿಯಿಲ್ಲದ ಇಯರ್‌ಬಡ್‌ಗೆ ಆಳದ ಬೇಸ್ ಕೊಡಿಸುವ ಆಸೆ ಬಿಟ್ಟುಬಿಡಿ.

ಎಲ್ಲವನ್ನೂ ಕಿವಿಯಲ್ಲೇ ಹುಡುಕುವ ತಾಳ್ಮೆ ಇಲ್ಲದವರಿಗೆ ‘ಆಟೋಈಕ್ಯೂ’ ಇದೆ. ಸಾವಿರಾರು ಹೆಡ್‌ಫೋನ್‌ಗಳನ್ನು ಅಳತೆ ಮಾಡಿದ ಲೆಕ್ಕದಿಂದ ತಯಾರಿಸಿದ ಸೆಟ್ಟಿಂಗ್‌ಗಳು ಅದರಲ್ಲಿ ಉಚಿತವಾಗಿ ಸಿಗುತ್ತವೆ. ವಿಂಡೋಸ್‌ನ ‘ಈಕ್ವಲೈಜರ್ ಎಪಿಒ’, ಆಂಡ್ರಾಯ್ಡ್‌ನ ‘ವೇವ್‌ಲೆಟ್’ ಇವನ್ನು ಬಳಸಿಕೊಳ್ಳುತ್ತವೆ. ಅಲ್ಲಿಂದ ಶುರು ಮಾಡಿ ನಿಮ್ಮ ರುಚಿಗೆ ಒಂದೆರಡು ಡೆಸಿಬಲ್ ಆಚೀಚೆ ಮಾಡಿಕೊಳ್ಳುವುದು ಒಳ್ಳೆಯ ದಾರಿ.

ರುಚಿಯಲ್ಲೂ ವಾಲ್ಯೂಮ್‌ನ ಪಾಲಿದೆ. ಸದ್ದು ಸಣ್ಣದಾದಷ್ಟೂ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಬೆಲ್ ಲ್ಯಾಬ್ಸ್‌ನ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ರಾತ್ರಿ ಮೆಲ್ಲಗೆ ಕೇಳಲು ಬೇಸ್ ತುಸು ಏರಿಸಿದ ಬೇರೆಯದೇ ಪ್ರೀಸೆಟ್ (ಉಳಿಸಿಟ್ಟ ಸೆಟ್ಟಿಂಗ್) ಇಟ್ಟುಕೊಂಡರೆ ತಪ್ಪೇನಿಲ್ಲ. ಪಾಡ್‌ಕಾಸ್ಟ್‌ಗೆ ಇನ್ನೊಂದು: 62 ಮತ್ತು 125 ಇಳಿಸಿ, 2,000 ತುಸು ಏರಿಸಿ. ಮಾತು ಬಿಡಿಬಿಡಿಯಾಗಿ ಕೇಳುತ್ತದೆ.

ಆಫ್ ಮಾಡಿ ಕೇಳಿ

ಮುಗಿಯಿತು ಅನ್ನಿಸಿದಾಗ ಈಕ್ವಲೈಜರ್ ಅನ್ನು ಆನ್, ಆಫ್ ಮಾಡುತ್ತಾ ಹೋಲಿಸಿ. ಇಲ್ಲೊಂದು ಮೋಸವಿದೆ. ಜೋರಾಗಿ ಕೇಳುವುದೇ ನಮಗೆ ಚೆಂದ ಅನ್ನಿಸುತ್ತದೆ. ಹಾಗಾಗಿ ಎರಡೂ ಒಂದೇ ಮಟ್ಟದಲ್ಲಿ ಕೇಳುವಂತೆ ವಾಲ್ಯೂಮ್ ಹೊಂದಿಸಿಕೊಂಡು ಹೋಲಿಸಿ. ಅವತ್ತೇ ತೀರ್ಮಾನ ಮಾಡಬೇಡಿ, ದಣಿದ ಕಿವಿ ಏನು ಬೇಕಾದರೂ ಒಪ್ಪಿಕೊಳ್ಳುತ್ತದೆ. ಪ್ರೀಸೆಟ್‌ಗೆ ಹೆಡ್‌ಫೋನ್‌ನ ಹೆಸರಿಟ್ಟು ಉಳಿಸಿ, ಎರಡು ದಿನ ಕೇಳಿ, ಮತ್ತೊಮ್ಮೆ ಆಫ್ ಮಾಡಿ ನೋಡಿ. ಆಫ್ ಇದ್ದಾಗಲೇ ಚೆನ್ನಾಗಿ ಕೇಳಿದರೆ ಹಾಗೇ ಬಿಡಿ.